ರಬ್ಬರಿನ ವಾನರಮುಖ

ಫ್ರಾನ್ಸಿನ ಆವಿನ್ಯೋನ್ ನಗರದಲ್ಲಿ 1912ರಲ್ಲಿ ಜನಿಸಿ, ಇಂಜಿನಿಯರಿಂಗ್ ವಿದ್ಯೆಯನ್ನು ಕಲಿತು, ಸ್ವದೇಶದಲ್ಲಿ ಮನಸ್ಸು ನಿಲ್ಲದೆ 1936ರಲ್ಲಿ ಮಲಯ ದೇಶದ ರಬ್ಬರ್ ತೋಟವೊಂದಕ್ಕೆ ನೌಕರನಾಗಿ ಬಂದ ಪಿಯೆರ್ ಬೂಲ್ ಎಂಬ ತರುಣನು, ನಸುಕಿನಲ್ಲಿ ಕೂಲಿಗಳು ಮರದ ತೊಗಟೆಯನ್ನು ಓರೆಯಾಗಿ ಗೀರಿ ಬಟ್ಟಲು ಕಟ್ಟಿ ಹಾಲಿಳಿಸುವುದನ್ನು ದಿನಬೆಳಗಾದರೆ ನೋಡುತ್ತಿದ್ದಿರಬೇಕು. ಸುಳ್ಯ, ಪುತ್ತೂರುಗಳ ಕಡೆಯವರಿಗೆ ಈ ದೃಶ್ಯ ಹೊಸದಲ್ಲ. ಅಂಥದೇ ಹಾಲು ಮೂವತ್ತು ವರ್ಷಗಳ ತರುವಾಯ ಭೂಮಂಡಲದ ಇನ್ನೊಂದು ಮಗ್ಗುಲಲ್ಲಿ ನೊರೆಯಾಗಿ ಕಡೆಯಲ್ಪಟ್ಟು, ಅಚ್ಚಿಗೆ ಹೊಯ್ಯಲ್ಪಟ್ಟು, ಒಲೆಯಲ್ಲಿ ಬೆಂದು, ತಾನು ಮುಂದೆ ಬರೆಯಲಿರುವ ಕಾದಂಬರಿಯ ಪಾತ್ರಗಳಿಗೆ ಮುಖವಾಗಿ ಪರಿಣಮಿಸುವುದೆಂದು ಯಾರಾದರೂ ಆಗ ಭವಿಷ್ಯ ನುಡಿದಿದ್ದರೆ ಆತನು ನಕ್ಕು ಸುಮ್ಮನಾಗುತ್ತಿದ್ದನು. ನಾನು ಇಲ್ಲಿ ಹೇಳಹೊರಟಿರುವುದು ಆ ಮುಖದ ಕಥೆಯನ್ನು: 1968ರಲ್ಲಿ ಒಂದು ಚಲನಚಿತ್ರವನ್ನು ಎತ್ತಿ ನಿಲ್ಲಿಸಿದ ಅದೇ ಮುಖವು, 1974ರಲ್ಲಿ ಆ ಕಥೆ ಟೆಲಿವಿಷನ್ನಿನ ಧಾರಾವಾಹಿಯಾಗಿ ಮನೆಮನೆಗೆ ಹೊರಟಾಗ ಅದರ ಕೊರಳಿಗೆ ಕಟ್ಟಿದ ಗುಂಡುಕಲ್ಲಾದ ವೃತ್ತಾಂತವನ್ನು.

ಬೂಲನ ಬಾಳಿನಲ್ಲಿ ಯುದ್ಧ ಬಂದು ಎಲ್ಲವೂ ತಲೆಕೆಳಗಾಯಿತು. ಸ್ವತಂತ್ರ ಫ್ರಾನ್ಸಿನ ಪಕ್ಷವನ್ನು ಸೇರಿ, ಇಂಡೋಚೀನಾದಲ್ಲಿ ಗುಪ್ತಕಾರ್ಯಕ್ಕೆ ಇಳಿದು, 1942ರಲ್ಲಿ ವಿಷಿ ಸರ್ಕಾರಕ್ಕೆ ನಿಷ್ಠರಾಗಿದ್ದ ತನ್ನ ದೇಶದವರ ಕೈಗೇ ಸಿಕ್ಕಿಬಿದ್ದು, ಕಠಿಣ ಶ್ರಮದ ಶಿಕ್ಷೆಗೆ ಗುರಿಯಾಗಿ, ಎರಡು ವರ್ಷಗಳ ಬಳಿಕ ಹೇಗೋ ತಪ್ಪಿಸಿಕೊಂಡು ಬಂದ ಈ ಮನುಷ್ಯನಿಗೆ, ನಿನ್ನೆಯವರೆಗೆ ತೋಟದ ದೊರೆಯ ಸಾಲಿನಲ್ಲಿದ್ದವನು ಇಂದು ಕೈಕೋಳ ತೊಟ್ಟು ನಿಲ್ಲಬಹುದೆಂಬ ಸಂಗತಿ ಪುಸ್ತಕದಿಂದ ಬಂದ ಜ್ಞಾನವಾಗಿರಲಿಲ್ಲ. 1952ರಲ್ಲಿ ಆತನು ಬರೆದ ಕ್ವಾಯ್ ನದಿಯ ಸೇತುವೆಯ ಕಾದಂಬರಿಯನ್ನು ಡೇವಿಡ್ ಲೀನ್ ಸಿಂಹಳದ ಕಾಡಿನಲ್ಲಿ ಚಿತ್ರಿಸಿ 1957ರಲ್ಲಿ ಬಿಡುಗಡೆ ಮಾಡಿದಾಗ ಚಿತ್ರಕಥೆಯ ಆಸ್ಕರ್ ಪ್ರಶಸ್ತಿ ಬೂಲನ ಹೆಸರಿಗೆ ಬಂದಿತು. ನಿಜಕ್ಕೂ ಅದನ್ನು ಬರೆದವರು ಕಾರ್ಲ್ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್ ಎಂಬಿಬ್ಬರು. ಎಡಪಕ್ಷದವರೆಂಬ ಸಂಶಯಕ್ಕೆ ಒಳಗಾಗಿ ಹಾಲಿವುಡ್ಡಿನ ಬಹಿಷ್ಕಾರದ ಪಟ್ಟಿಯಲ್ಲಿದ್ದುದರಿಂದ ಅವರ ಹೆಸರುಗಳನ್ನು ತೆರೆಯ ಮೇಲೆ ಕಾಣಿಸುವಂತಿರಲಿಲ್ಲ. ಈ ವಿಲ್ಸನ್ನನನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಆತನು ಮತ್ತೆ ಬರುತ್ತಾನೆ.

1963ರಲ್ಲಿ ಹೊರಬಂದ ವಾನರಗ್ರಹದ ಕಾದಂಬರಿಯಲ್ಲಿ ಉಲಿಸ್ ಮೆರೂ ಎಂಬ ಪತ್ರಕರ್ತನು ಸೊರೋರ್ ಎಂಬ ದೂರದ ಗ್ರಹಕ್ಕೆ ಹೋಗಿ, ಅಲ್ಲಿ ಮಾನವರು ಮಾತಿಲ್ಲದ, ಬಟ್ಟೆಯಿಲ್ಲದ ಕಾಡುಪ್ರಾಣಿಗಳಾಗಿಯೂ, ಗೊರಿಲ್ಲ, ಚಿಂಪಾಂಜಿ, ಒರಾಂಗುಟಾನುಗಳು ಕೋಟು ತೊಟ್ಟು ಮೋಟಾರು ನಡೆಸುವ ನಾಗರಿಕರಾಗಿಯೂ ಇರುವುದನ್ನು ಕಾಣುತ್ತಾನೆ. ಕಾದಂಬರಿಯ ವಾನರರದು ಆಧುನಿಕ ಪಟ್ಟಣ. ಅಲ್ಲಿ ಪ್ರಯೋಗಾಲಯಗಳುಂಟು, ವಿಮಾನಗಳುಂಟು, ಷೇರುಪೇಟೆಯೂ ಉಂಟು. ಪ್ಯಾರಿಸಿನ ಬುದ್ಧಿಜೀವಿಗಳ ಹುಸಿಪಾಂಡಿತ್ಯವನ್ನು ಗೇಲಿಮಾಡುವುದೇ ಲೇಖಕನ ಮುಖ್ಯ ಉದ್ದೇಶವಾಗಿದ್ದಂತೆ ತೋರುತ್ತದೆ. ಚಿತ್ರವಾಗಲು ಯೋಗ್ಯವಾದ ಕೃತಿಯೆಂದು ಇದನ್ನು ಆತನೂ ಬಗೆದಿರಲಿಲ್ಲ.

ಆದರೆ ಆರ್ಥರ್ ಜೇಕಬ್ಸ್ ಹಾಗೆ ಬಗೆದನು. ಮರಿಲಿನ್ ಮನ್ರೋ ಮೊದಲಾದ ತಾರೆಯರ ಪ್ರಚಾರಕಾರ್ಯವನ್ನು ನೋಡಿಕೊಂಡು ಬೆಳೆದ ಈ ನಿರ್ಮಾಪಕನಿಗೆ ನೆಣವಿದ್ದ ಕಡೆ ಮೂಗು ಹೋಗುತ್ತಿತ್ತು. ಕಥೆಯನ್ನು ಹಿಡಿದುಕೊಂಡು ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದಾಗ ಎಲ್ಲ ಬಾಗಿಲುಗಳ ಹಿಂದೆಯೂ ಆತನಿಗೆ ಎದುರಾದ ಪ್ರಶ್ನೆ ಒಂದೇ: ಕೋತಿಯ ಮುಖ ಹಾಕಿಕೊಂಡ ನಟನು ಗಂಭೀರವಾಗಿ ಮಾತನಾಡಹೊರಟರೆ ಸಭಿಕರು ನಗುವುದಿಲ್ಲವೆ? ಪ್ರಶ್ನೆಯಲ್ಲಿ ತಿರುಳಿತ್ತು. ವೇಷದ ಕುರಿತು ಪ್ರೇಕ್ಷಕನು ನಗುವುದಕ್ಕೆ ಒಂದು ಕ್ಷಣ ಸಾಕು. ಒಮ್ಮೆ ನಕ್ಕ ಮೇಲೆ ಆ ಸಂಜೆ ಆತನನ್ನು ಮತ್ತೆ ಹೆದರಿಸುವುದು ಬ್ರಹ್ಮನಿಂದಲೂ ಆಗದು. ಕಡೆಗೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ರಿಚರ್ಡ್ ಝಾನಕ್ ಒಪ್ಪಿ, ಅಲ್ಪ ಹಣ ಕೊಟ್ಟು, 1966ರಲ್ಲಿ ಒಂದೇ ಒಂದು ಪರೀಕ್ಷಾದೃಶ್ಯವನ್ನು ತೆಗೆಸಿದನು. ಗಗನಯಾತ್ರಿಯ ಪಾತ್ರದಲ್ಲಿ ಚಾರ್ಲ್ಟನ್ ಹೆಸ್ಟನ್, ಒರಾಂಗುಟಾನ್ ಪಂಡಿತ ಝೇಯಸನಾಗಿ ಹಿರಿಯ ನಟ ಎಡ್ವರ್ಡ್ ರಾಬಿನ್‌ಸನ್ ಎದುರುಬದುರು ನಿಂತು ವಾದಿಸಿದರು. ಅದನ್ನು ನೋಡಿದ ಸಂಸ್ಥೆಯ ದೊಡ್ಡವರಾರೂ ನಗಲಿಲ್ಲ. ಅಷ್ಟರಿಂದ ಚಿತ್ರಕ್ಕೆ ಅಪ್ಪಣೆ ದೊರೆಯಿತು. ರಾಬಿನ್‌ಸನ್ ಮಾತ್ರ ಆ ಮುಖಭಾರವನ್ನು ದಿನಗಟ್ಟಳೆ ಹೊರುವುದು ತನ್ನ ದುರ್ಬಲ ಹೃದಯಕ್ಕೆ ತಾಳದೆಂದು ಕೈಮುಗಿದು ಹಿಂದೆ ಸರಿದನು. ಪಾತ್ರವು ಮಾರಿಸ್ ಇವಾನ್ಸ್ ಎಂಬ ಶೇಕ್ಸ್‌ಪಿಯರ್ ನಟನ ಪಾಲಿಗೆ ಹೋಯಿತು. ಈ ರಬ್ಬರ್ ಮುಖವು ಕೇಳತೊಡಗಿದ ತೆರಿಗೆಯ ಮೊದಲ ಕಂತು ಅದು.

ತೆರಿಗೆಯ ಲೆಕ್ಕವನ್ನು ಬರೆದವನು ಜಾನ್ ಚೇಂಬರ್ಸ್. 1922ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಈತನು ಎರಡನೆಯ ಮಹಾಯುದ್ಧದ ಬಳಿಕ ಗಾಯಗೊಂಡ ಸೈನಿಕರ ಆಸ್ಪತ್ರೆಯಲ್ಲಿ, ಗುಂಡೇಟಿನಿಂದಲೂ ಬೆಂಕಿಯಿಂದಲೂ ಮುಖದ ಭಾಗಗಳನ್ನು ಕಳೆದುಕೊಂಡವರಿಗೆ ಕೃತಕವಾದ ಮೂಗು, ಕಿವಿ, ದವಡೆಗಳನ್ನು ಮಾಡಿಕೊಡುವ ಕೆಲಸದಲ್ಲಿದ್ದನು. ಬೀದಿಯಲ್ಲಿ ನಡೆದರೆ ಯಾರೂ ತಿರುಗಿ ನೋಡಬಾರದು, ಅಂಥ ಮುಖವನ್ನು ಮಾಡುವುದೇ ಆ ವಿದ್ಯೆಯ ಗುರಿ. 1953ರಲ್ಲಿ ಎನ್‌ಬಿಸಿ ಟೆಲಿವಿಷನ್ ಸಂಸ್ಥೆಗೆ ಬಂದು ವೇಷಗಾರನಾದಾಗ ಗುರಿ ತಿರುಗುಮುರುಗಾಯಿತೇ ಹೊರತು ಕೈ ಬದಲಾಗಲಿಲ್ಲ. ಅಂತೂ ಚಿತ್ರಕ್ಕೆ ಮುಖ ಕೊಟ್ಟವನು ಟೆಲಿವಿಷನ್ನಿನಿಂದ ಬಂದವನು. ಚಿತ್ರದ ಮೊದಲ ಕಥಾರೂಪವನ್ನು ಬರೆದ ರಾಡ್ ಸರ್ಲಿಂಗ್ ಸಹ, ‘ಟ್ವೈಲೈಟ್ ಝೋನ್’ ಎಂಬ ವಿಚಿತ್ರಕಥೆಗಳ ಮಾಲಿಕೆಯಿಂದ ಹೆಸರಾದ ಟೆಲಿವಿಷನ್ ಲೇಖಕನೇ. ಮುಂದೆ ಬೆಳ್ಳಿತೆರೆಯಿಂದ ಮನೆಯ ಪೆಟ್ಟಿಗೆಗೆ ಇಳಿಯಿತೆಂದು ನಾವು ಹೇಳುವ ಈ ಕಥೆ, ಅರ್ಧದಷ್ಟಾದರೂ ಆ ಪೆಟ್ಟಿಗೆಯಿಂದಲೇ ಮೇಲೆ ಹತ್ತಿದ್ದಿತು.

ಮುಖ ಮಾಡುವ ಕ್ರಮ ಹೀಗೆ. ನಟನ ಮುಖದ ಪಡಿಯಚ್ಚನ್ನು ತೆಗೆದು, ಅದರಿಂದ ಪ್ಲಾಸ್ಟರಿನ ಪ್ರತಿಮುಖವೊಂದನ್ನು ಎರಕಹೊಯ್ದು, ಅದರ ಮೇಲೆ ಜೇಡಿಮಣ್ಣಿನಿಂದ ವಾನರನ ಹುಬ್ಬುಗಟ್ಟು, ಮೂತಿ, ಗದ್ದಗಳನ್ನು ತಿದ್ದುತ್ತಾರೆ. ತಿದ್ದಿದ ಮಣ್ಣಿಗೆ ಹೊರಗಿನಿಂದ ಮತ್ತೊಂದು ಅಚ್ಚು ತೆಗೆದು, ಮಣ್ಣನ್ನು ಕೆರೆದುಹಾಕಿ, ಒಳ ಅಚ್ಚಿಗೂ ಹೊರ ಅಚ್ಚಿಗೂ ನಡುವೆ ಉಳಿದ ಪೊಳ್ಳಿಗೆ, ಮೊಟ್ಟೆಯ ಬಿಳಿಯನ್ನು ಕಡೆಯುವಂತೆ ಕಡೆದು ನೊರೆಯೆಬ್ಬಿಸಿದ ರಬ್ಬರ್ ಹಾಲನ್ನು ತುಂಬಿ, ಒಲೆಯಲ್ಲಿಟ್ಟು ಗಂಟೆಗಟ್ಟಳೆ ಬೇಯಿಸುತ್ತಾರೆ. ಅಚ್ಚು ಬಿಚ್ಚಿದಾಗ ದೊರೆಯುವುದು ಸ್ಪಂಜಿನಂತೆ ಹಗುರವಾದ, ಅಂಚಿನಲ್ಲಿ ಈರುಳ್ಳಿಯ ಸಿಪ್ಪೆಯಷ್ಟು ತೆಳುವಾದ ತುಂಡು. 1939ರ ‘ವಿಝರ್ಡ್ ಆಫ್ ಆಝ್’ ಚಿತ್ರದ ಕಾಲಕ್ಕೇ ಈ ನೊರೆರಬ್ಬರಿನ ಬಳಕೆ ಬಂದಿದ್ದಿತು. ಚೇಂಬರ್ಸನು ಮಾಡಿದ್ದೇನೆಂದರೆ, ಒಳಗಿನ ಚರ್ಮಕ್ಕೆ ಗಾಳಿಯಾಡಲು ಎಡೆಯಿರುವಂತೆ ಆ ಮಿಶ್ರಣವನ್ನು ಪಳಗಿಸಿ, ಮುಖವನ್ನು ಒಂದೇ ಮುಸುಕಾಗಿಸದೆ ಹಲವು ತುಂಡುಗಳಾಗಿ ಒಡೆದು, ನಟನ ಕೆನ್ನೆ ತುಟಿಗಳು ಅಲುಗಿದಾಗ ವಾನರನ ಕೆನ್ನೆ ತುಟಿಗಳೂ ಅಲುಗುವಂತೆ ನೋಡಿಕೊಂಡದ್ದು. ತುಂಡುಗಳನ್ನು ಅಂಟಿಸಲು ಸ್ಪಿರಿಟ್ ಗಮ್ಮು, ನಮ್ಮ ನಾಟಕ ಕಂಪನಿಗಳವರು ಮೀಸೆ ಅಂಟಿಸುತ್ತಿದ್ದ ಅದೇ ಪದಾರ್ಥ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಎಳೆ ಎಳೆಯಾಗಿ ಕೂದಲು. ಮೂರರಿಂದ ನಾಲ್ಕು ಗಂಟೆಗಳ ಕೆಲಸ. ಯಕ್ಷಗಾನದ ಬಣ್ಣದ ವೇಷದವನು ಚೌಕಿಯಲ್ಲಿ ಕುಳಿತು, ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ಒಂದೊಂದಾಗಿ ಮುಖದ ಮೇಲೆ ಇಡುವುದನ್ನು ಕಂಡವರಿಗೆ ಈ ತಾಳ್ಮೆ ಅರ್ಥವಾಗುತ್ತದೆ. ಆದರೆ ಬಣ್ಣದ ವೇಷವು ತಾನು ವೇಷವೆಂಬುದನ್ನು ಮರೆಮಾಚುವುದಿಲ್ಲ, ಚೇಂಬರ್ಸನ ವೇಷದ ಪ್ರತಿಜ್ಞೆಯೇ ಮರೆಮಾಚುವುದು. ಸಂಜೆ ಕಿತ್ತು ತೆಗೆಯುವಾಗ ಆ ತೆಳು ಅಂಚುಗಳು ಹರಿದುಹೋಗುವುದರಿಂದ ಒಂದು ಮುಖವು ಒಂದು ದಿನಕ್ಕೆ ಮಾತ್ರ. ಮರುದಿನ ಬೆಳಗಿಗೆ ಹೊಸ ಮುಖ ಬೇಯಬೇಕು.

1967ರ ಮೇ ತಿಂಗಳಲ್ಲಿ ಆರಿಝೋನಾದ ಕೆಂಪು ಬಂಡೆಗಳ ನಡುವೆ ಚಿತ್ರೀಕರಣ ಮೊದಲಾಯಿತು. ಹಿಂದಿನ ಸಾಲುಗಳಲ್ಲಿ ನಿಲ್ಲುವ ಗುಂಪಿನವರಿಗೆ ತಲೆಯ ಮೇಲಿಂದ ಎಳೆದುಕೊಳ್ಳುವ ಸಾದಾ ಮುಸುಕುಗಳಿದ್ದರೂ, ಮುಂದೆ ಬರುವ ಪಾತ್ರಗಳೆಲ್ಲವೂ ನಸುಕಿಗೆ ಮುನ್ನವೇ ಕುರ್ಚಿಯಲ್ಲಿ ಕೂರಬೇಕಾಗಿದ್ದಿತು. ಮಧ್ಯಾಹ್ನದ ಊಟಕ್ಕೆ ಮುಖ ಕಳಚುವಂತಿಲ್ಲ; ನಟನ ಸ್ವಂತ ಬಾಯಿ ವಾನರನ ಮೂತಿಗಿಂತ ಎಷ್ಟೋ ಹಿಂದೆ ಇದ್ದುದರಿಂದ ಕನ್ನಡಿ ಹಿಡಿದುಕೊಂಡು ತುತ್ತಿನ ದಾರಿ ನೋಡಿಕೊಳ್ಳಬೇಕು, ಇಲ್ಲವೆ ಕೊಳವೆಯಲ್ಲಿ ಹೀರಬೇಕು. ಆ ಊಟದ ಹೊತ್ತಿನಲ್ಲಿ ನಡೆದ ಒಂದು ಸಂಗತಿಯನ್ನು ಹೆಸ್ಟನ್ನನೂ, ಝೀರಾ ಪಾತ್ರದ ಕಿಮ್ ಹಂಟರಳೂ ಮುಂದೆ ನೆನೆಯುತ್ತಿದ್ದರು. ಯಾರೂ ಹೇಳದೆ, ಯಾರೂ ಗಮನಿಸದೆ, ಗೊರಿಲ್ಲಗಳು ಗೊರಿಲ್ಲಗಳ ಮೇಜಿಗೆ, ಚಿಂಪಾಂಜಿಗಳು ಚಿಂಪಾಂಜಿಗಳ ಮೇಜಿಗೆ, ಒರಾಂಗುಟಾನುಗಳು ತಮ್ಮ ಪಾಡಿಗೆ ಬೇರೆಯಾಗಿ ಕುಳಿತು ಉಣ್ಣತೊಡಗಿದ್ದವಂತೆ. ಪಂಕ್ತಿಭೇದದ ಪರಿಚಯವುಳ್ಳ ನಾವು ಇದಕ್ಕೆ ಅಷ್ಟಾಗಿ ಬೆರಗಾಗಬೇಕಾಗಿಲ್ಲ. ಆದರೂ ಬೆಳಗಿನ ನಾಲ್ಕು ಗಂಟೆಯಲ್ಲಿ ಬಂದ ಮುಖವು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಜಾತಿಯಾಗಿ ಪರಿಣಮಿಸಿದ ವೇಗವನ್ನು ನೆನೆದರೆ ಮೈ ಜುಂ ಎನ್ನುತ್ತದೆ.

ಕೊರ್ನೇಲಿಯಸ್ ಎಂಬ ಚಿಂಪಾಂಜಿ ವಿದ್ವಾಂಸನ ಪಾತ್ರ ವಹಿಸಿದ ರಾಡಿ ಮೆಕ್‌ಡವಲ್ ಈ ವಿದ್ಯೆಯ ಒಳಗುಟ್ಟನ್ನು ಎಲ್ಲರಿಗಿಂತ ಮೊದಲು ಹಿಡಿದವನು. ರಬ್ಬರ್ ಮುಖವು ಸುಮ್ಮನಿದ್ದರೆ ಸತ್ತ ಮುಖವಾಗುತ್ತದೆ. ಆದುದರಿಂದ ಮೂಗನ್ನು ಸೆಳೆಯುತ್ತಿರಬೇಕು, ತುಟಿಯನ್ನು ಮಿಡುಕಿಸುತ್ತಿರಬೇಕು, ಮಾತಿಲ್ಲದಾಗಲೂ ಕೆನ್ನೆಗೆ ಕೆಲಸ ಕೊಡುತ್ತಿರಬೇಕು ಎಂದು ಸಹನಟರಿಗೆ ಆತನು ಬೋಧಿಸಿದನು. ಚಿತ್ರವನ್ನು ಇಂದು ನೋಡುವವರು ಆತನ ಮೂಗಿನ ಹೊಳ್ಳೆಯೊಂದನ್ನೇ ಎರಡು ನಿಮಿಷ ಗಮನಿಸಲಿ. ಮೊಲದ ಮೂಗಿನಂತೆ ಅದು ಒಂದು ಗಳಿಗೆಯೂ ನಿಲ್ಲುವುದಿಲ್ಲ.

ಸರ್ಲಿಂಗನು ಬರೆದುದನ್ನು ತಿದ್ದಿ ಮುಗಿಸಿದವನು, ಮೇಲೆ ಹೇಳಿದ ಮೈಕೆಲ್ ವಿಲ್ಸನ್. ಮೋಟಾರು ವಿಮಾನಗಳ ಪಟ್ಟಣವನ್ನು ಕಟ್ಟಿಸಲು ಹಣ ಸಾಲದೆಂದು ವಾನರರನ್ನು ಕುದುರೆ ಬಂಡಿಗಳ ಕಾಲಕ್ಕೆ ಹಿಂದೆ ಸರಿಸಿದ್ದರು. ಕಲಾನಿರ್ದೇಶಕ ವಿಲಿಯಂ ಕ್ರೀಬರ್ ಅವರಿಗಾಗಿ, ತುರ್ಕಿಯ ಗೊರೆಮೆಯ ಗುಹೆಮನೆಗಳನ್ನೂ ಸ್ಪೇನಿನ ಗೌದಿಯ ಕಟ್ಟಡಗಳನ್ನೂ ನೆನಪಿಸುವ, ಹುತ್ತದಂತೆ ಉಬ್ಬಿದ ಮನೆಗಳ ಹಳ್ಳಿಯೊಂದನ್ನು ಮಾಲಿಬೂ ಬೆಟ್ಟಗಳ ನಡುವಿನ ಸ್ಟುಡಿಯೋ ತೋಟದಲ್ಲಿ ಎಬ್ಬಿಸಿದನು. ಆ ಹಳ್ಳಿಯ ನ್ಯಾಯಸ್ಥಾನದಲ್ಲಿ ಗಗನಯಾತ್ರಿ ಟೇಲರನ ವಿಚಾರಣೆ ನಡೆಯುತ್ತದೆ. ಆತನು ಮಾತನಾಡಬಲ್ಲನೆಂಬುದು ಎದುರಿಗೇ ಇದ್ದರೂ, ಮಾನವನಿಗೆ ಮಾತಿಲ್ಲವೆಂಬುದು ಶಾಸ್ತ್ರದಲ್ಲಿರುವುದರಿಂದ ಆತನ ಮಾತನ್ನು ಕೇಳತಕ್ಕದ್ದಲ್ಲವೆಂದು ತೀರ್ಪು. ಪೀಠದ ಮೇಲಿನ ಮೂವರು ಒರಾಂಗುಟಾನರಲ್ಲಿ ಒಬ್ಬನು ಕಣ್ಣನ್ನೂ, ಒಬ್ಬನು ಕಿವಿಯನ್ನೂ, ಒಬ್ಬನು ಬಾಯಿಯನ್ನೂ ಮುಚ್ಚಿಕೊಳ್ಳುವ ನೋಟವು, ಗಾಂಧೀಜಿಯವರ ಮೇಜಿನ ಮೇಲಿನ ಮೂರು ಕೋತಿಗಳನ್ನು ಬಲ್ಲ ನಮಗೆ ವಿಚಿತ್ರವಾದ ರೀತಿಯಲ್ಲಿ ತಟ್ಟುತ್ತದೆ. ಅಲ್ಲಿ ಕೆಡುಕಿಗೆ ಮುಚ್ಚಿದ ಇಂದ್ರಿಯಗಳು ಇಲ್ಲಿ ಸತ್ಯಕ್ಕೆ ಮುಚ್ಚಿಕೊಂಡಿವೆ. ತನ್ನ ಹೆಸರಿನಲ್ಲಿ ತಾನೇ ಬರೆಯುವ ಹಕ್ಕನ್ನು ವರ್ಷಗಟ್ಟಳೆ ಕಳೆದುಕೊಂಡಿದ್ದವನು ಬರೆದ ನ್ಯಾಯಸ್ಥಾನವಿದು ಎಂಬುದನ್ನು ಬಲ್ಲವರಿಗೆ ಆ ದೃಶ್ಯದ ನಗೆಯು ಗಂಟಲಲ್ಲೇ ನಿಲ್ಲುತ್ತದೆ.

ನಿರ್ದೇಶಕ ಫ್ರಾಂಕ್ಲಿನ್ ಶಾಫ್ನರ್ ಇಡೀ ಚಿತ್ರವನ್ನು ಒಂದು ನೋಟದ ಕಡೆಗೆ ಬಾಣದಂತೆ ಗುರಿಯಿಟ್ಟು ನಡೆಸಿದನು. ಕಡಲ ತೀರದಲ್ಲಿ ಕುದುರೆಯ ಮೇಲೆ ಹೊರಟ ಟೇಲರನಿಗೆ, ಮರಳಿನಲ್ಲಿ ಎದೆಯವರೆಗೆ ಹೂತು ನಿಂತ ಸ್ವಾತಂತ್ರ್ಯದೇವಿಯ ಪ್ರತಿಮೆ ಎದುರಾಗುತ್ತದೆ. ದೂರದ ಗ್ರಹವಲ್ಲ ಇದು, ಎರಡು ಸಾವಿರ ವರ್ಷಗಳ ತರುವಾಯದ ತನ್ನ ಭೂಮಿಯೇ. ಬೂಲನ ಕಾದಂಬರಿಯ ಕೊನೆ ಬೇರೆ. ಅಲ್ಲಿ ನಾಯಕನು ಪ್ಯಾರಿಸಿಗೆ ಮರಳಿ ಬಂದಾಗ ವಿಮಾನನಿಲ್ದಾಣದಲ್ಲಿ ಎದುರುಗೊಳ್ಳುವವನು ಸಮವಸ್ತ್ರದ ಗೊರಿಲ್ಲ. ಚಿತ್ರದ ಕೊನೆಯು ಬೂಲನಿಗೆ ಹಿಡಿಸಲಿಲ್ಲವಂತೆ. ನನಗಾದರೋ ಈ ವಿಷಯದಲ್ಲಿ ಶಿಷ್ಯರು ಗುರುವನ್ನು ಮೀರಿಸಿದರೆಂದೇ ತೋರುತ್ತದೆ, ಏಕೆಂದರೆ ಅಲ್ಲಿಯವರೆಗೆ ನಾವು ಕಂಡ ಪ್ರತಿಯೊಂದು ವಾನರಮುಖವೂ ಆ ಒಂದು ಕ್ಷಣದಲ್ಲಿ ಅರ್ಥವನ್ನು ಬದಲಿಸಿಕೊಳ್ಳುತ್ತದೆ. ಅನ್ಯಲೋಕದವರೆಂದು ನಾವು ನೋಡುತ್ತಿದ್ದವರು ನಮ್ಮ ಮನೆಯ ಉತ್ತರಾಧಿಕಾರಿಗಳಾಗಿ ನಿಲ್ಲುತ್ತಾರೆ.

ಸುಮಾರು 58 ಲಕ್ಷ ಡಾಲರುಗಳು ಹಿಡಿದ ಚಿತ್ರದಲ್ಲಿ ಮುಖಗಳ ಬಾಬತ್ತಿಗೇ 10 ಲಕ್ಷದ ಸಮೀಪ ಹೋಯಿತೆಂದು ಹೇಳುವುದುಂಟು. 1968ರಲ್ಲಿ ತೆರೆಕಂಡ ಚಿತ್ರವು ಅದನ್ನು ಹಲವು ಪಟ್ಟು ಹಿಂದಕ್ಕೆ ಕೊಟ್ಟಿತು. ವೇಷಗಾರಿಕೆಗೆ ಆಸ್ಕರ್ ಪ್ರಶಸ್ತಿಯ ವರ್ಗವೇ ಇಲ್ಲದಿದ್ದ ಆ ಕಾಲದಲ್ಲಿ, 1969ರ ಸಮಾರಂಭದಲ್ಲಿ ಚೇಂಬರ್ಸನಿಗೆ ಗೌರವ ಪ್ರಶಸ್ತಿಯನ್ನು ಕೊಟ್ಟರು. ಪ್ರಶಸ್ತಿಯ ಪ್ರತಿಮೆಯನ್ನು ವೇದಿಕೆಗೆ ತಂದದ್ದು ಕೋಟು ತೊಡಿಸಿದ ಒಂದು ನಿಜವಾದ ಚಿಂಪಾಂಜಿ. ಆಚೆಗೆ ಹಾಲಿವುಡ್ಡಿನ ವಾಡಿಕೆಯಂತೆ ಒಂದರ ಬಾಲ ಹಿಡಿದು ಒಂದು, 1970ರಿಂದ 1973ರವರೆಗೆ ವರ್ಷಕ್ಕೊಂದರಂತೆ ನಾಲ್ಕು ಮುಂದುವರಿಕೆಗಳು ಬಂದವು. ಪ್ರತಿಯೊಂದು ಸಲವೂ ಕಥೆ ಹಿರಿದಾಯಿತು, ಹಣದ ಚೀಲ ಕಿರಿದಾಯಿತು. ಕೊನೆಯ ಚಿತ್ರಕ್ಕೆ ದೊರೆತ ಮೊತ್ತ 20 ಲಕ್ಷ ಡಾಲರುಗಳನ್ನೂ ಮುಟ್ಟಲಿಲ್ಲ. ಅದು ತೆರೆಕಂಡ ಕೆಲವೇ ದಿನಗಳಲ್ಲಿ, 1973ರ ಜೂನ್ ತಿಂಗಳಲ್ಲಿ, ಜೇಕಬ್ಸ್ ಹೃದಯಾಘಾತದಿಂದ ತೀರಿಕೊಂಡನು. ಆತನಿಗೆ 51 ವರ್ಷ.

ಕಥೆ ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಬಿಎಸ್ ಸಂಸ್ಥೆಯು ಮೊದಲ ಚಿತ್ರವನ್ನು ಟೆಲಿವಿಷನ್ನಿನಲ್ಲಿ ತೋರಿಸಲು, ನೋಡಿದವರ ಸಂಖ್ಯೆಯನ್ನು ಕಂಡು ಅಲ್ಲಿನ ಅಧಿಕಾರಿಗಳ ಕಣ್ಣರಳಿದವು. ಹಳೆಯ ಅಚ್ಚುಗಳು, ಉಡುಪುಗಳು ಸ್ಟುಡಿಯೋದ ಉಗ್ರಾಣದಲ್ಲಿದ್ದವು, ಮೆಕ್‌ಡವಲ್ ಬರಲು ಸಿದ್ಧನಿದ್ದನು. 1974ರ ಸೆಪ್ಟೆಂಬರ್ 13ರ ಶುಕ್ರವಾರ ರಾತ್ರಿ ಎಂಟು ಗಂಟೆಗೆ ವಾರದ ಧಾರಾವಾಹಿ ಮೊದಲಾಯಿತು. (ಆ ಕಾಲಕ್ಕೆ ಕರ್ನಾಟಕದಲ್ಲಿ ಟೆಲಿವಿಷನ್ ಎಂಬುದೇ ಇರಲಿಲ್ಲ, ಮರುವರ್ಷ ಉಪಗ್ರಹದ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಅದು ಮೊದಲು ಬಂದಿತು. ವಾರಕ್ಕೊಮ್ಮೆ ಒಂದೇ ಗಳಿಗೆಯಲ್ಲಿ ಒಂದೇ ಕಥೆಗೆ ಕಾದು ಕೂರುವ ಸಂಪ್ರದಾಯವನ್ನು ನಾವು ಕಲಿತದ್ದು ಆಮೇಲೆ.)

ವರ್ಡನ್ ಮತ್ತು ಬರ್ಕ್ ಎಂಬಿಬ್ಬರು ಗಗನಯಾತ್ರಿಗಳು, ಚಿತ್ರದ 3978ನೆಯ ಇಸವಿಗೆ ಬದಲಾಗಿ 3085ರಲ್ಲಿ ಬಂದು ಬೀಳುತ್ತಾರೆ. ಗೇಲನ್ ಎಂಬ ಚಿಂಪಾಂಜಿ ತರುಣನು ಅವರ ಪಕ್ಷ ವಹಿಸಿ ತಾನೂ ಅಪರಾಧಿಯಾಗಿ ಅವರೊಡನೆ ಓಡುತ್ತಾನೆ. ಝೇಯಸನ ಆಜ್ಞೆಯಂತೆ ಉರ್ಕೋ ಎಂಬ ಗೊರಿಲ್ಲ ಸೇನಾನಿ ಬೆನ್ನಟ್ಟುತ್ತಾನೆ. ಇಷ್ಟೇ ಕಥೆ. ಚಿತ್ರವು ಎರಡು ಗಂಟೆಗಳ ಕಾಲ ಬಚ್ಚಿಟ್ಟು ಕೊನೆಯಲ್ಲಿ ಒಡೆದ ಗುಟ್ಟನ್ನು ಧಾರಾವಾಹಿಯು ಮೊದಲ ಕಂತಿನಲ್ಲಿಯೇ, ಮುದುಕನೊಬ್ಬನು ತೆಗೆದು ತೋರಿಸುವ ಹಳೆಯ ಪುಸ್ತಕದಲ್ಲಿ ನ್ಯೂಯಾರ್ಕ್ ನಗರದ ಚಿತ್ರವನ್ನಿರಿಸಿ, ಕೈಚೆಲ್ಲಿ ಕೊಟ್ಟುಬಿಡುತ್ತದೆ. ಕೊಡದೆ ವಿಧಿಯೂ ಇರಲಿಲ್ಲ; ಅಮೆರಿಕದಲ್ಲಿ ಅದನ್ನರಿಯದ ಮಗುವಿರಲಿಲ್ಲ. ಆದರೆ ಗುಟ್ಟಿಲ್ಲದ ಮೇಲೆ ಓಟವೊಂದೇ ಉಳಿಯುತ್ತದೆ. ನಿರಪರಾಧಿಯಾದ ವೈದ್ಯನೊಬ್ಬನು ಊರಿಂದೂರಿಗೆ ತಪ್ಪಿಸಿಕೊಂಡು ತಿರುಗುವ ‘ಫ್ಯುಜಿಟಿವ್’ ಧಾರಾವಾಹಿಯು 1963ರಿಂದ ನಾಲ್ಕು ವರ್ಷ ಅಮೆರಿಕವನ್ನು ಹಿಡಿದು ಕೂರಿಸಿದ್ದಿತು. ವಾನರರ ಧಾರಾವಾಹಿಯವರು ಆ ಹಳೆಯ ಬಂಡಿಗೇ ಹೊಸ ಎತ್ತು ಹೂಡಿದರು. ಪಾಂಡವರ ವನವಾಸದಲ್ಲಿಯೂ ಅಡವಿಗೊಬ್ಬ ರಾಕ್ಷಸ, ಆಶ್ರಮಕ್ಕೊಂದು ಉಪಾಖ್ಯಾನ ಉಂಟು. ಅಲ್ಲಿ ಹನ್ನೆರಡು ವರ್ಷಗಳ ಲೆಕ್ಕವಿರುವುದರಿಂದ ಪ್ರತಿಯೊಂದು ಉಪಾಖ್ಯಾನವೂ ಕುರುಕ್ಷೇತ್ರಕ್ಕೆ ಒಂದು ಹೆಜ್ಜೆ ಹತ್ತಿರ. ಇಲ್ಲಿ ಲೆಕ್ಕವೂ ಇಲ್ಲ, ಕುರುಕ್ಷೇತ್ರವೂ ಇಲ್ಲ. ವರ್ಡನ್ನನ ಬಳಿ ತನ್ನ ನೌಕೆಯ ಪಯಣವನ್ನು ಬರೆದುಕೊಂಡ ತಟ್ಟೆಯೊಂದಿದೆ, ಅದನ್ನು ಓದಬಲ್ಲ ಗಣಕಯಂತ್ರ ಎಲ್ಲಿಯಾದರೂ ಉಳಿದಿದ್ದರೆ ಮನೆಗೆ ಮರಳುವ ದಾರಿ ಸಿಕ್ಕೀತು. ಆದರೆ ಸಿಕ್ಕಿದ ದಿನ ಧಾರಾವಾಹಿ ಮುಗಿಯುವುದರಿಂದ ಸಿಕ್ಕುವಂತಿಲ್ಲ.

ಗುಟ್ಟಿಗಿಂತಲೂ ಹೆಚ್ಚಿನ ವ್ಯತ್ಯಾಸವೆಂದರೆ ಮಾತಿನದು. ಚಿತ್ರದ ಮಾನವರು ಮೂಕರು; ಆದುದರಿಂದಲೇ ಗಾಯಗೊಂಡ ಗಂಟಲಿನಿಂದ ಟೇಲರನ ಮೊದಲ ಮಾತು ಹೊರಬಿದ್ದಾಗ ಇಡೀ ವಾನರಲೋಕ ಬೆಚ್ಚುತ್ತದೆ. ಧಾರಾವಾಹಿಯ ಮಾನವರು ಧಾರಾಳವಾಗಿ ಮಾತನಾಡುತ್ತಾರೆ. ಅವರು ಮೃಗಗಳಲ್ಲ, ಜೀತದಾಳುಗಳು. ವಾರವಾರವೂ ಒಂದು ಹಳ್ಳಿಯ ಸುಖದುಃಖವನ್ನು ಹೇಳಬೇಕಾದವನಿಗೆ ಮೂಕಜನರಿಂದ ಕೆಲಸವಾಗದೆಂಬುದು ಒಪ್ಪತಕ್ಕ ಮಾತೇ. ಆದರೆ ನನ್ನ ಸಂಶಯವೇನೆಂದರೆ, ಇದರ ಹಿಂದೆಯೂ ರಬ್ಬರಿನ ಲೆಕ್ಕವಿದೆ. ಒಂದು ಕಂತಿನ ಚಿತ್ರೀಕರಣ ವಾರದೊಳಗೆ ಮುಗಿಯಬೇಕು. ಒಬ್ಬೊಬ್ಬ ವಾನರನಿಗೆ ದಿನದ ಮೂರು ಗಂಟೆಗಳು ಕುರ್ಚಿಯಲ್ಲಿಯೇ ಹೋಗುತ್ತವೆ. ಒಂದು ಕಂತಿಗೆ ಎರಡೂವರೆ ಲಕ್ಷ ಡಾಲರುಗಳಷ್ಟು ತಗಲುತ್ತಿದ್ದಿತೆಂದು ಹೇಳುತ್ತಾರೆ, ಅದು ಆ ಕಾಲಕ್ಕೆ ದುಬಾರಿ. ಆಗ ಲೇಖಕನ ಲೇಖನಿ ತನಗರಿವಿಲ್ಲದೆಯೇ ವಾನರರನ್ನು ಉಳಿಸಿ ಮಾನವರನ್ನು ಖರ್ಚುಮಾಡತೊಡಗುತ್ತದೆ. ಹಳ್ಳಿಗೆ ಒಬ್ಬ ಚಿಂಪಾಂಜಿ ಅಧಿಕಾರಿ, ಕುದುರೆಯ ಮೇಲೆ ನಾಲ್ವರು ಗೊರಿಲ್ಲಗಳು, ಉಳಿದವರೆಲ್ಲ ಕಂದುಬಟ್ಟೆಯ ಮಾನವರು. ವಾನರಗ್ರಹದಲ್ಲಿ ವಾನರರಿಗೇ ಬರ ಬಂದಿತು!

ಹಾಗೆಂದು ಧಾರಾವಾಹಿಯನ್ನು ಬರಿದೆ ಹೀಗಳೆಯುವವನು ನಾನಲ್ಲ. ಎರಡು ಕಂತುಗಳನ್ನು ನೆನೆದರೆ ಇಂದಿಗೂ ಸಂತೋಷವಾಗುತ್ತದೆ. ಮೊದಲನೆಯದು ‘ಒಳ್ಳೆಯ ಬೀಜಗಳು’ ಎಂಬ ಅರ್ಥದ ಹೆಸರಿನದು. ಕಾಲಿಗೆ ಪೆಟ್ಟಾದ ಗೇಲನ್ ಮತ್ತು ಜೊತೆಗಾರರು ಬಡ ಚಿಂಪಾಂಜಿ ರೈತನೊಬ್ಬನ ಮನೆಯಲ್ಲಿ ಆಶ್ರಯ ಬೇಡುತ್ತಾರೆ. ಗಬ್ಬದ ಹಸುವು ಹೋರಿಗರುವನ್ನು ಈದರೆ ಹಿರಿಯ ಮಗನು ಬೇರೆ ಹೋಗಿ ಸ್ವಂತ ಹೊಲ ಮಾಡಿಕೊಳ್ಳಬಹುದು. ಮನೆ ಹೊಕ್ಕ ಮಾನವರ ದೃಷ್ಟಿ ತಗಲಿ ಹಸುವಿಗೆ ಕೇಡಾಗುವುದೆಂದು ಅವನಿಗೆ ಕಳವಳ. ಸೊಗಸಾದ ಕಾಳನ್ನು ಉಂಡು ಉಳಿದುದನ್ನು ಬಿತ್ತುವ ಆ ಕುಟುಂಬಕ್ಕೆ ವರ್ಡನ್ ಹೇಳಿಕೊಡುವುದು, ಗಟ್ಟಿ ಕಾಳನ್ನು ಬಿತ್ತನೆಗೆ ಎತ್ತಿಡಬೇಕೆಂಬ, ನಮ್ಮ ಹಳ್ಳಿಗಳ ಅಜ್ಜಿಯರೆಲ್ಲ ಬಲ್ಲ ವಿಷಯವನ್ನು. ರಾತ್ರಿ ಹಸು ಕಷ್ಟಪಟ್ಟು ಈಯುವಾಗ ಮಾನವನ ಕೈಯೂ ವಾನರನ ಕೈಯೂ ಒಟ್ಟಿಗೆ ಕರುವನ್ನು ಎಳೆಯುತ್ತವೆ, ಹುಟ್ಟುವುದು ಅವಳಿ. ಚಿತ್ರದ ವಾನರರು ನ್ಯಾಯಾಧೀಶರು, ಪಂಡಿತರು, ಬೇಟೆಗಾರರು. ಅವರ ಕೊಟ್ಟಿಗೆಯನ್ನು ನಾವು ಎಂದೂ ಹೊಕ್ಕಿರಲಿಲ್ಲ. ಆ ಮುಖಗಳ ಮೇಲೆ ಹಸುವಿನ ಚಿಂತೆ ಕಾಣಬಹುದೆಂಬುದನ್ನು ಕಂಡುಕೊಂಡದ್ದು ಧಾರಾವಾಹಿ.

ಎರಡನೆಯದರಲ್ಲಿ ಭೂಕಂಪವಾಗಿ, ಉರ್ಕೋ ಮತ್ತು ಬರ್ಕ್ ಇಬ್ಬರೂ ಹಳೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ಹೂತುಹೋದ ರೈಲುನಿಲ್ದಾಣದೊಳಗೆ ಬೀಳುತ್ತಾರೆ. ಬದುಕಬೇಕಾದರೆ ಶತ್ರುಗಳಿಬ್ಬರೂ ಹೆಗಲು ಕೊಡಬೇಕು, ಕೊಡುತ್ತಾರೆ ಕೂಡ. ಆಗ ಗೋಡೆಯ ಮೇಲಿನ ಒಂದು ಹಳೆಯ ಭಿತ್ತಿಪತ್ರ ಉರ್ಕೋನ ಕಣ್ಣಿಗೆ ಬೀಳುತ್ತದೆ: ಮೃಗಾಲಯದ ಜಾಹೀರಾತು, ಪಂಜರದ ಸರಳುಗಳ ಹಿಂದೆ ಗೊರಿಲ್ಲ. ಒಂದು ಗಳಿಗೆ ಆ ರಬ್ಬರ್ ಮುಖ ಅಲುಗುವುದಿಲ್ಲ. ಉರ್ಕೋನ ಪಾತ್ರ ವಹಿಸಿದ ಮಾರ್ಕ್ ಲೆನಾರ್ಡ್ ಮುಖ ಕಾಣದಿದ್ದರೂ ಕಂಠದಿಂದ ಗುರುತಾಗುವ ನಟ. ಇಲ್ಲಿ ಕಂಠವನ್ನೂ ಬಿಟ್ಟು ಕಣ್ಣೊಂದರಿಂದಲೇ ಅಭಿನಯಿಸಿದ್ದಾನೆ. ಟೇಲರನಿಗೆ ಸ್ವಾತಂತ್ರ್ಯದೇವಿ ಎದುರಾದ ಹಾಗೆ ಗೊರಿಲ್ಲನಿಗೆ ತನ್ನ ಭೂತಕಾಲ ಎದುರಾಗುವ ಈ ನೋಟವು, ಪ್ರತಿಮೆಯ ಬದಲು ಒಂದು ಕಾಗದದಿಂದ, ಚಿತ್ರದ ಕೊನೆಗೆ ಧಾರಾವಾಹಿ ಕೊಟ್ಟ ಉತ್ತರವೆಂದು ನನ್ನ ಎಣಿಕೆ. ಆದರೆ ಮುಂದಿನ ಶುಕ್ರವಾರ ಉರ್ಕೋ ಅದನ್ನೆಲ್ಲ ಮರೆತು ಮೊದಲಿನಂತೆಯೇ ಬೆನ್ನಟ್ಟಬೇಕು. ಅದು ಧಾರಾವಾಹಿಯ ಕಟ್ಟಳೆ.

ಅದೇ ಶುಕ್ರವಾರದ ಅದೇ ಗಂಟೆಯಲ್ಲಿ ಎನ್‌ಬಿಸಿಯವರು ‘ಸ್ಯಾನ್‌ಫರ್ಡ್ ಅಂಡ್ ಸನ್’, ‘ಚೀಕೋ ಅಂಡ್ ದಿ ಮ್ಯಾನ್’ ಎಂಬ ಎರಡು ಹಾಸ್ಯ ಧಾರಾವಾಹಿಗಳನ್ನು ಇಟ್ಟಿದ್ದರು. ಆ ವರ್ಷ ಅಮೆರಿಕ ಬಹುವಾಗಿ ನೋಡಿದ ಕಾರ್ಯಕ್ರಮಗಳ ಸಾಲಿನಲ್ಲಿ ಅವೆರಡೂ ಇದ್ದವು. ಇತ್ತ ಗೊರಿಲ್ಲ ಬೆನ್ನಟ್ಟುತ್ತಿರಲು ಅತ್ತ ಗುಜರಿ ಅಂಗಡಿಯ ಮುದುಕನೊಬ್ಬ ಮಗನನ್ನು ಬೈಯುತ್ತಿದ್ದನು. ಜನ ಮುದುಕನನ್ನೇ ಆರಿಸಿಕೊಂಡರು. ತೆಗೆದ ಕಂತುಗಳು 14. ಡಿಸೆಂಬರ್ 20ರಂದು ಪ್ರಸಾರ ನಿಂತಾಗ ಅವುಗಳಲ್ಲೊಂದು ತೋರಿಸದೆಯೇ ಉಳಿದಿದ್ದಿತು. ಬ್ರಿಟನ್ನಿನಲ್ಲಿ ಮಾತ್ರ ಅದನ್ನು ಜನ ಪ್ರೀತಿಯಿಂದ ನೋಡಿದರು. ಇದೇ ಫಾಕ್ಸ್ ಸಂಸ್ಥೆಯ, ಇದೇ ಮಾಲಿಬೂ ತೋಟದಲ್ಲಿ ತೆಗೆದ ‘ಮ್ಯಾಶ್’ ಎಂಬ 1970ರ ಚಿತ್ರವೂ ಧಾರಾವಾಹಿಯಾಗಿ ಇದೇ ಸಿಬಿಎಸ್‌ನಲ್ಲಿ 1972ರಲ್ಲಿ ಮೊದಲಾಗಿ, ಮೂರು ವರ್ಷ ನಡೆದ ಕೊರಿಯಾ ಯುದ್ಧವನ್ನು ಹನ್ನೊಂದು ವರ್ಷ, 251 ಕಂತುಗಳ ಕಾಲ ನಡೆಸಿತು. ಕಾರಣಗಳನ್ನು ವಿಮರ್ಶಕರು ನೂರು ಹೇಳಿಯಾರು. ಅಲ್ಲಿನ ನಟರು ಬೆಳಗ್ಗೆ ಗಡ್ಡ ಹೆರೆದುಕೊಂಡರೆ ಸಾಕಾಗಿತ್ತು ಎಂಬುದೂ ಅವುಗಳಲ್ಲಿ ಒಂದೆಂದು ಸೇರಿಸಿಕೊಳ್ಳಬೇಕೆಂದು ನನ್ನ ವಿಜ್ಞಾಪನೆ.

ಚೇಂಬರ್ಸನ ವಿದ್ಯೆ ಬೇರೆ ದಾರಿ ಹಿಡಿಯಿತು. 1980ರ ಜನವರಿಯಲ್ಲಿ ಟೆಹರಾನಿನಲ್ಲಿ ಅಡಗಿದ್ದ ಆರು ಮಂದಿ ಅಮೆರಿಕನ್ ರಾಯಭಾರ ಸಿಬ್ಬಂದಿಯನ್ನು ಹೊರತರಲು ಗುಪ್ತಚರ ಸಂಸ್ಥೆಯು ಇಲ್ಲದ ಒಂದು ವೈಜ್ಞಾನಿಕ ಚಲನಚಿತ್ರದ ತಂಡವನ್ನು ಕಲ್ಪಿಸಿದಾಗ, ಆ ಸುಳ್ಳು ಕಂಪನಿಗೆ ಹಾಲಿವುಡ್ಡಿನಲ್ಲಿ ನಿಜದ ಮುಖವನ್ನು ತೊಡಿಸಿಕೊಟ್ಟವರಲ್ಲಿ ಆತನೂ ಒಬ್ಬನು.

ಧಾರಾವಾಹಿಗೂ ತೀರ ಅನಾಥವಾದ ಸಾವು ಬರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಅದರ ಹತ್ತು ಕಂತುಗಳನ್ನು ಎರಡೆರಡಾಗಿ ಹೊಲಿದು ಐದು ಚಿತ್ರಗಳನ್ನಾಗಿ ಮಾಡಿ ಮತ್ತೆ ಪ್ರಸಾರಮಾಡಿದರು. ಅವುಗಳಿಗೆ ಒಂದು ಪೀಠಿಕೆಯೂ ಒಂದು ಮುಕ್ತಾಯವೂ ಬೇಕಾಗಿ, ಮೆಕ್‌ಡವಲ್ ಇನ್ನೊಮ್ಮೆ ಆ ಕುರ್ಚಿಯಲ್ಲಿ ಕುಳಿತನು. ಈ ಸಲ ವಾನರಮುಖಕ್ಕೆ ಮುಪ್ಪು ಹಚ್ಚಿದ್ದರು. ಮುದುಕ ಗೇಲನ್ ಒಬ್ಬನೇ ಕುಳಿತು, ತನ್ನ ಗೆಳೆಯರಿಬ್ಬರಿಗೂ ಬೇರೊಂದು ಊರಿನಲ್ಲಿ ಅವರು ಹುಡುಕುತ್ತಿದ್ದ ಯಂತ್ರ ಸಿಕ್ಕಿತೆಂದೂ, ಬಂದ ಹಾಗೆಯೇ ಒಂದು ದಿನ ಆಕಾಶಕ್ಕೆ ಹೊರಟುಹೋದರೆಂದೂ, ತಾನು ಇಲ್ಲಿಯೇ ಉಳಿದೆನೆಂದೂ ನೋಡುವವರಿಗೆ ತಿಳಿಸುತ್ತಾನೆ. ಹದಿನಾಲ್ಕು ಕಂತುಗಳಲ್ಲಿ ಹೇಳಲಾಗದ ಕೊನೆಯನ್ನು ಹೇಳಲು ಕೆಲವು ವಾಕ್ಯಗಳು ಸಾಕಾದವು. ಆ ವಾಕ್ಯಗಳಿಗಾಗಿ ಮತ್ತೆ ಹಾಲು ಕಡೆದು, ಅಚ್ಚು ತುಂಬಿ, ಮುಖ ಬೇಯಿಸಿ, ಗಂಟೆಗಟ್ಟಳೆ ಅಂಟಿಸಿರಬೇಕು. ಮಾತನಾಡುವಾಗ ಆ ಮುದಿ ಮೂಗು ಮೊದಲಿನಂತೆಯೇ ಮಿಡುಕುತ್ತದೆ. ಸಂಜೆ ಅದನ್ನೂ ಕಿತ್ತು ಬುಟ್ಟಿಗೆ ಹಾಕಿದ್ದಿರಬೇಕು.